ಅಕ್ಕ ಒತ್ತದ ಬೆಲ್

ವಿದ್ಯುತ್ ಕಚೇರಿಯ ಮೀಟರ್ ವಿಭಾಗದ ಮುಖ್ಯ ಅಧಿಕಾರಿಗಳಿಗೆ, ಊರೆಲ್ಲ ಓದಲಿ ಎಂದೇ ಬರೆದ ಪತ್ರ

ಮಾನ್ಯರೇ,

ನನ್ನ ಅಕ್ಕ ಬೆಲ್ ಒತ್ತಲಿಲ್ಲ. ಅದನ್ನು ಬಾರಿಸಿದ್ದು ನೀವು ನಮ್ಮ ಗೋಡೆಗೆ ಬಡಿದುಹೋದ ಹೊಸ ಮೀಟರು. ಈ ಒಂದು ಮಾತನ್ನು ಒಪ್ಪಿಕೊಳ್ಳಲು ನಿಮ್ಮ ವಿಭಾಗಕ್ಕೆ ಎರಡು ತಿಂಗಳು ಸಾಲಲಿಲ್ಲ. ಒಪ್ಪದಿದ್ದರೆ ಹೋಗಲಿ, ಬಾಯಿ ಮುಚ್ಚಿಕೊಂಡಾದರೂ ಇರಬಹುದಿತ್ತು. ಅದನ್ನೂ ಮಾಡದೆ ಮುದ್ರೆ ಒತ್ತಿ, ಸಹಿ ಹಾಕಿ, ಹೀಗೊಂದು ವಾಕ್ಯ ಬರೆದು ಕಳಿಸಿದಿರಿ: "ಸದರಿ ಗೃಹದ ಅಸ್ವಸ್ಥ ವ್ಯಕ್ತಿಯೇ ಅನಗತ್ಯವಾಗಿ ಗುಂಡಿಯನ್ನು ಒತ್ತಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು." ಆ ವಾಕ್ಯ ನನ್ನ ಮನೆಯಲ್ಲಿ ಏನು ಮಾಡಿತು ಎಂದು ತಿಳಿಸಲು ಈ ಪತ್ರ. ನಿಮಗೆ ನೇರವಾಗಿ ಬರೆದ ಮೂರು ಪತ್ರಗಳು ನಿಮ್ಮ ಮೇಜಿನ ಮೇಲೆ ಯಾವುದರ ಅಡಿಯಲ್ಲಿ ಬಿದ್ದಿವೆ ಎಂಬುದನ್ನು ಕಣ್ಣಾರೆ ನೋಡಿದ್ದೇನೆ. ಅದಕ್ಕೇ ನಾಲ್ಕನೆಯದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ನಾನು ಹೊಲಿಗೆಯವಳು. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಹದಿಮೂರು ಮೆಟ್ಟಿಲು. ಅಂಗಡಿಯಲ್ಲಿ ನಾಲ್ಕು ಯಂತ್ರ, ಒಂದು ಕತ್ತರಿಸುವ ಮೇಜು, ಆ ಮೇಜಿನ ಹಿಂದೆ ಇಪ್ಪತ್ತು ವರ್ಷದಿಂದ ನಿಂತಿರುವ ಕಟಿಂಗ್ ಮೇಸ್ತ್ರಿ. ಮೇಲಿನ ಕೋಣೆಯಲ್ಲಿ ಅಕ್ಕ. ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು. ಇಪ್ಪತ್ತೆಂಟು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಕಿವಿಗೆ ಫೋನು ಕಟ್ಟಿಕೊಂಡು, ಎದುರಿನ ಬೋರ್ಡಿನ ತೂತುಗಳಿಗೆ ತಂತಿ ಸಿಕ್ಕಿಸಿ, ಯಾರ ಮಾತು ಯಾರ ಕಿವಿಗೆ ಹೋಗಬೇಕೋ ಅಲ್ಲಿಗೇ ಮುಟ್ಟಿಸುವ ಕೆಲಸ. ಗಂಡನಿಗೆ ಹೇಳಬೇಕಾದ್ದು ಬೀಗರಿಗೆ ಕೇಳಿಸಿದರೆ ಸಂಸಾರ ಮುರಿಯುತ್ತದೆ ಎಂದು ಅಕ್ಕ ತಮಾಷೆ ಮಾಡುತ್ತಿದ್ದಳು. ಒಂದೇ ಬೋರ್ಡಿನಲ್ಲಿ ನೂರು ಮಾತು ಓಡಿದರೂ ಒಂದಕ್ಕೊಂದು ತಾಗದಂತೆ ನೋಡಿಕೊಂಡವಳು ಅವಳು. ಈ ಸಂಗತಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ನಿಮಗೆ ಮುಜುಗರ ಪಡಲು ಬೇಕಾಗುತ್ತದೆ.

ನಾಲ್ಕು ವರ್ಷದ ಹಿಂದೆ ಅಕ್ಕನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಬಲಗಾಲು ಹೋದವು, ಮಾತು ಹೋಯಿತು, ಬರೆಯಲು ಕೂತರೆ ಅಕ್ಷರವೂ ಕೈಗೆ ಬರುವುದಿಲ್ಲ. ಕಿವಿ ಮಾತ್ರ ಮೊದಲಿಗಿಂತ ಚುರುಕು. ತಲೆಯ ಬಗ್ಗೆ ಹೇಳುವುದೇ ಬೇಡ, ನನ್ನ ತಪ್ಪನ್ನು ಹಿಡಿಯುವುದರಲ್ಲಿ ಇವತ್ತಿಗೂ ಹಿಂದೆ ಬಿದ್ದಿಲ್ಲ. ಭಾವ, ಎಂದರೆ ಅವಳ ಗಂಡ, ಮನೆಗಳಿಗೆ ವೈರಿಂಗ್ ಮಾಡುತ್ತಿದ್ದವರು. ಅಕ್ಕ ಆಸ್ಪತ್ರೆಯಿಂದ ಬಂದ ವಾರ ಅವರೇ ಒಂದು ಜೋಡಿ ಬೆಲ್ ಕೊಂಡು ತಂದರು. ಮಂಚದ ಪಕ್ಕದ ಪ್ಲಗ್ಗಿಗೆ ಒಂದು ಪೆಟ್ಟಿಗೆ, ಅದರಿಂದ ಉದ್ದನೆಯ ದಾರಕ್ಕೆ ಒಂದು ಗುಂಡಿ. ಕೆಳಗೆ ಕತ್ತರಿಸುವ ಮೇಜಿನ ಪಕ್ಕದ ಪ್ಲಗ್ಗಿಗೆ ಬೆಲ್. ನಡುವೆ ಹೊಸ ತಂತಿಯಿಲ್ಲ. ನಾನು ಕಕ್ಕಾಬಿಕ್ಕಿಯಾಗಿ ನೋಡುತ್ತಿದ್ದರೆ ಭಾವ ನಕ್ಕರು.

"ಮನೆ ತುಂಬಾ ತಂತಿ ಆಗ್ಲೇ ಓಡಾಡ್ತಿದೆ, ಇನ್ನೊಂದು ಯಾಕೆ ಎಳೀಬೇಕು? ಕರೆಂಟ್ ಹೋಗೋ ತಂತೀಲೇ ನಿನ್ನ ಅಕ್ಕ ಕೂಗ್ತಾಳೆ, ಬಿಡು. ಒಂದೇ ಒಂದು ನೋಡ್ಕೋಬೇಕು, ಬೇರೆಯವರ ಕೂಗು ನಮ್ಮನೆ ತಂತಿಗೆ ಬರಬಾರ್ದು."

ಭಾವ ಈಗ ಇಲ್ಲ. ಆ ಬೆಲ್ ಇದೆ. ನಾಲ್ಕು ವರ್ಷ ಒಂದು ದಿನವೂ ಕೈಕೊಡದೆ ಅದು ನನ್ನ ಅಕ್ಕನ ಬಾಯಿಯಾಗಿತ್ತು. ಒಂದು ಸಲ ಒತ್ತಿದರೆ ಬಾ. ಎರಡು ಸಲ, ನೀರು. ಮೂರು ಸಲ, ಕೈಯಲ್ಲಿರುವುದನ್ನು ಬಿಟ್ಟು ಓಡಿ ಬಾ. ಇದಲ್ಲದೆ ಒಂದು ಉದ್ದನೆಯ ಬೆಲ್ ಇತ್ತು. ಅದು ಅವಳ ಕುಚೇಷ್ಟೆಯದು. ನಾನು ಕೆಳಗೆ ಗಿರಾಕಿಗೆ "ನಾಳೆ ಖಂಡಿತ ಕೊಡ್ತೀನಿ" ಎಂದ ತಕ್ಷಣ ಮೇಲಿನಿಂದ ಕಿರ್ರೋ ಎಂದು ಉದ್ದಕ್ಕೆ ಒತ್ತುತ್ತಿದ್ದಳು. ಸುಳ್ಳು ಎಂದರ್ಥ. ಗಿರಾಕಿಗಳಿಗೆಲ್ಲ ಇದು ಗೊತ್ತಾಗಿಹೋಗಿತ್ತು. ನನ್ನ ಮುಖ ನೋಡುವುದು ಬಿಟ್ಟು ಬೆಲ್ಲಿನ ಮುಖ ನೋಡುತ್ತಾ ನಿಲ್ಲುತ್ತಿದ್ದರು. ಬೆಲ್ ಹೊಡೆಯದಿದ್ದರೆ ಮಾತ್ರ ನಂಬಿ ಹೋಗುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು, ನಗುವೂ ಬರುತ್ತಿತ್ತು.

ಇಂಥ ಮನೆಗೆ ನಿಮ್ಮ ಮೀಟರು ಬಂತು. ಅದರ ಜೊತೆ ಹೊಳೆಯುವ ಕಾಗದದ ಕರಪತ್ರವೂ ಬಂತು. "ಮಾತನಾಡುವ ಮೀಟರ್" ಎಂದು ದಪ್ಪಕ್ಷರದಲ್ಲಿತ್ತು. ನೀವು ಉರಿಸಿದ ಕರೆಂಟಿನ ಲೆಕ್ಕವನ್ನು ಅದೇ ಕರೆಂಟಿನ ತಂತಿಯ ಮೂಲಕ ಕಚೇರಿಗೆ ಕಳಿಸುತ್ತದೆ, ಬೀದಿಯ ಮೀಟರುಗಳು ಒಂದರ ಮಾತನ್ನು ಇನ್ನೊಂದು ದಾಟಿಸುತ್ತವೆ, ಬಳಕೆದಾರರಿಗೆ ಯಾವ ತೊಂದರೆಯೂ ಇಲ್ಲ ಎಂದೆಲ್ಲ ಇತ್ತು. ಒಳ್ಳೆಯದೇ ಅಂದುಕೊಂಡೆ. ಕೂರಿಸಲು ಬಂದವರು ಒಂಬತ್ತು ನಿಮಿಷದಲ್ಲಿ ಕೆಲಸ ಮುಗಿಸಿ ಹೋದರು. ಪ್ಯಾಂಟಿಗೆ ಜಿಪ್ಪು ಹಾಕಲು ನನಗೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಬೇಗ ಆಯಿತಲ್ಲ ಎಂದು ಮೆಚ್ಚಿಕೊಂಡು ಅವರಿಗೆ ಚಹಾ ಬೇರೆ ಕೊಟ್ಟೆ.

ಮರುದಿನದಿಂದ ಬೆಲ್ ಬಡಿದುಕೊಳ್ಳತೊಡಗಿತು. ಓಡಿ ಹತ್ತಿದರೆ ಅಕ್ಕ ಕಿಟಕಿಯಾಚೆ ನೋಡುತ್ತಾ ಆರಾಮಾಗಿ ಮಲಗಿದ್ದಾಳೆ. ಏನು ಎಂದರೆ ಏನೂ ಇಲ್ಲ ಎಂದು ತಲೆ ಆಡಿಸುತ್ತಾಳೆ. ಇಳಿದು ಬಂದು ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಮತ್ತೆ. ದಿನಕ್ಕೆ ಹನ್ನೆರಡು ಸಲ, ಹದಿನೈದು ಸಲ, ಹೊತ್ತು ಗೊತ್ತು ಒಂದೂ ಇಲ್ಲ. ಅಕ್ಕನ ಕುಚೇಷ್ಟೆಯ ಚರಿತ್ರೆ ನನಗೆ ಗೊತ್ತಿತ್ತಲ್ಲ, ಇದೂ ಅದೇ ಅಂದುಕೊಂಡೆ. ಮಾನ್ಯರೇ, ಇಲ್ಲಿ ನನ್ನ ತಪ್ಪೂ ಇದೆ, ಮುಚ್ಚಿಡುವುದಿಲ್ಲ. ಮೂರನೆಯ ದಿನಕ್ಕೆ ನನ್ನ ದನಿ ಏರಿತು. ಒಂದು ವಾರಕ್ಕೆ ಬಾಯಿಗೆ ಬಂದಂತೆ ಬೈಯತೊಡಗಿದೆ.

"ನಿನಗೇನು, ಮಲಗಿದ ಕಡೆ ಆಟ. ಹದಿಮೂರು ಮೆಟ್ಟಿಲು ಹತ್ತಿ ಇಳಿಯೋಳು ನಾನು. ನನ್ನ ಮಂಡಿ ಏನಾಗ್ಬೇಕು? ಸುಮ್ಸುಮ್ನೆ ಯಾಕೆ ಒತ್ತುತ್ತೀಯಾ?"

ಅಕ್ಕ ಪ್ರತಿಸಲವೂ ಎಡಗೈ ಎತ್ತಿ ಎರಡು ಬೆರಳನ್ನು ಒಂದರ ಮೇಲೊಂದು ಹೆಣೆದು ತೋರಿಸುತ್ತಿದ್ದಳು. ತೋರುಬೆರಳಿನ ಮೇಲೆ ನಡುಬೆರಳು. ಚಿಕ್ಕವರಿದ್ದಾಗ ಆಟದಲ್ಲಿ ಸಿಕ್ಕಿಬಿದ್ದರೆ ಬೆರಳು ಹೆಣೆದು "ನಾನು ಆಟದಲ್ಲಿಲ್ಲ" ಎಂದು ತಪ್ಪಿಸಿಕೊಳ್ಳುತ್ತಿದ್ದೆವು. ನನ್ನನ್ನು ಅಣಕಿಸುತ್ತಿದ್ದಾಳೆ ಅಂದುಕೊಂಡೆ. ಕೈಯನ್ನು ಹಿಡಿದು ಹಾಸಿಗೆಗೆ ಒತ್ತಿ, "ಸಾಕು ನಿನ್ನ ಹುಡುಗಾಟ" ಎಂದೆ. ಅವಳ ಕಣ್ಣಲ್ಲಿ ನೀರು ಬಂತು. ಅದನ್ನೂ ನಾಟಕ ಎಂದೆ.

ಹತ್ತೊಂಬತ್ತನೆಯ ದಿನ ತಾಳ್ಮೆ ತಪ್ಪಿ, ಪ್ಲಗ್ಗಿನಿಂದ ಆ ಪೆಟ್ಟಿಗೆಯನ್ನೇ ಕಿತ್ತು, ಗುಂಡಿ ಸಮೇತ ಕೆಳಗೆ ತಂದು ಮೇಜಿನ ಡ್ರಾಯರಿನಲ್ಲಿ ಹಾಕಿದೆ. "ಇನ್ನು ಒತ್ತಲಿ, ನೋಡೋಣ" ಎಂದು ಮೇಸ್ತ್ರಿಯ ಎದುರು ಗೆದ್ದವಳಂತೆ ಹೇಳಿದೆ. ಹತ್ತು ನಿಮಿಷ ಆಗಿರಲಿಲ್ಲ. ಗುಂಡಿ ನನ್ನ ಮೊಣಕಾಲ ಹತ್ತಿರ ಡ್ರಾಯರಿನಲ್ಲಿ ಬಿದ್ದಿತ್ತು. ಬೆಲ್ ಹೊಡೆಯಿತು.

ಮೇಸ್ತ್ರಿ ಕತ್ತರಿ ಕೆಳಗಿಟ್ಟರು. "ಅಮ್ಮಾ, ಒತ್ತಿದ್ದು ಅಕ್ಕಾವ್ರಲ್ಲ," ಎಂದರು.

ನಾನು ಆ ಮೆಟ್ಟಿಲನ್ನು ಹೇಗೆ ಹತ್ತಿದೆನೋ ಗೊತ್ತಿಲ್ಲ. ಅಕ್ಕನ ಕಾಲು ಹಿಡಿದುಕೊಂಡು ಅತ್ತೆ. ಗುಂಡಿಯನ್ನು ಮತ್ತೆ ಅವಳ ಕೈಗೆ ಕೊಟ್ಟು ಒಂದು ಒಪ್ಪಂದ ಮಾಡಿಕೊಂಡೆ: "ನಿಂದು ಅಂತ ನನಗೆ ಗೊತ್ತಾಗ್ಲಿ. ಮೂರು ಸಲ ಒತ್ತು, ಒಂಚೂರು ತಡಿ, ಮತ್ತೆ ಮೂರು ಸಲ ಒತ್ತು. ಆ ದೆವ್ವಕ್ಕೆ ಅಷ್ಟು ಲೆಕ್ಕ ಬರಲ್ಲ." ಅಕ್ಕ ಅರೆನಗು ನಕ್ಕಳು. ಮೊದಲೆರಡು ದಿನ ಅಳುಕುತ್ತಾ ಒತ್ತಿದಳು, ಆಮೇಲೆ ಸ್ವಲ್ಪ ಧೈರ್ಯ ಮಾಡಿದಳು. ಉದ್ದನೆಯ ಬೆಲ್ ಮಾತ್ರ ವಾಪಸು ಬರಲಿಲ್ಲ. ಕಚೇರಿಯವರು ಬಂದು ಸರಿಮಾಡಲಿ, ಅದೂ ಬರುತ್ತದೆ ಎಂದು ನಾನು ನಂಬಿದ್ದೆ. ಕಚೇರಿ ಎಂದರೆ ನೀವು.

ನಿಮ್ಮ ಕಚೇರಿಗೆ ಮೂರು ಸಲ ಬಂದೆ. ಮೊದಲ ಸಲ ನೀವು ಸಭೆಯಲ್ಲಿದ್ದಿರಿ. ಎರಡನೆಯ ಸಲ ಸಭೆ ಮುಗಿದು ಊಟಕ್ಕೆ ಹೋಗಿದ್ದಿರಿ. ಮೂರನೆಯ ಸಲ ಸಿಕ್ಕಿದಿರಿ. ನಾನು ಹೇಳುವುದನ್ನು ಅರ್ಧ ಕೇಳಿ, ಕಣ್ಣು ಕಿರಿದು ಮಾಡಿ, "ನಿಮ್ಮದು ಹೊಲಿಗೆ ಅಂಗಡಿ ಅಲ್ವಾ? ನಿಮ್ಮ ಯಂತ್ರಗಳೇ ಲೈನಿನಲ್ಲಿ ಗಲಾಟೆ ಮಾಡ್ತಿವೆ" ಎಂದಿರಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆ ಯಂತ್ರಗಳು ಇಪ್ಪತ್ತು ವರ್ಷದಿಂದ ಓಡುತ್ತಿವೆ, ಬೆಲ್ ನಾಲ್ಕು ವರ್ಷದಿಂದ ಅವುಗಳ ಜೊತೆಯೇ ಸಂಸಾರ ಮಾಡಿದೆ ಎಂದೆ. ನಿಮ್ಮ ಕಿವಿಗೆ ಬೀಳಲಿಲ್ಲ. ಹಾಗಾದರೆ ಪರೀಕ್ಷೆ ಮಾಡೋಣ ಎಂದು ನಾನೇ ಮಾಡಿದೆ. ನಾಲ್ಕೂ ಯಂತ್ರ ನಿಲ್ಲಿಸಿ, ಗುಂಡಿಯ ಪೆಟ್ಟಿಗೆಯನ್ನು ಡ್ರಾಯರಿನಲ್ಲಿ ಬೀಗ ಹಾಕಿ, ಬೀಗದ ಕೈ ಮೇಸ್ತ್ರಿಯ ಜೇಬಿಗೆ ಕೊಟ್ಟು, ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ ಅಳತೆ ಪುಸ್ತಕದಲ್ಲಿ ಗೆರೆ ಹಾಕುತ್ತಾ ಕೂತೆ. ಏಳು ಗೆರೆ. ಗಿರಾಕಿಗಳ ಎದೆ ಸುತ್ತಳತೆಗಳ ನಡುವೆ ನಿಮ್ಮ ಮೀಟರಿನ ಏಳು ಕೂಗುಗಳು ಇವತ್ತಿಗೂ ಇವೆ. ಬಂದು ನೋಡಬಹುದು.

ಆ ಪುಟದ ನಕಲು ಕಳಿಸಿದ ಮೇಲೆ ನಿಮ್ಮ ಪರೀಕ್ಷಕರು ಬಂದರು. ಏಳು ನಿಮಿಷ ಇದ್ದರು. ಆ ಏಳು ನಿಮಿಷದಲ್ಲಿ ಬೆಲ್ ಹೊಡೆಯಲಿಲ್ಲ. ಹಲ್ಲುನೋವಿನವನು ವೈದ್ಯರ ಎದುರು ಕೂತಾಗ ನೋವು ನಿಲ್ಲುತ್ತದಲ್ಲ, ಹಾಗೆ. ಮೇಲೆ ಹೋಗಿ ಅಕ್ಕನನ್ನು ಬಾಗಿಲಿನಿಂದಲೇ ನೋಡಿ, "ಇವರಾ?" ಎಂದು ಕೇಳಿ, ಏನೋ ಬರೆದುಕೊಂಡು ಇಳಿದರು. ಹನ್ನೊಂದು ದಿನದ ಮೇಲೆ ನಿಮ್ಮ ಪತ್ರ ಬಂತು.

ಈಗ ನನ್ನ ಎರಡನೆಯ ತಪ್ಪನ್ನು ಹೇಳುತ್ತೇನೆ, ಇದು ಮೊದಲನೆಯದಕ್ಕಿಂತ ದೊಡ್ಡದು. ನಾನು ಸರ್ಕಾರಿ ಲಕೋಟೆಯನ್ನು ನಂಬಿದೆ. ಒಡೆಯದೆ ನೇರ ಮೇಲೆ ಒಯ್ದು, ಅಕ್ಕನ ಮಂಚದ ಮೇಲೆ ಕೂತು, "ನೋಡು, ದೊಡ್ಡ ಆಫೀಸಿನವರೇ ಬರೆದಿದಾರೆ, ನಿಂದೇನೂ ತಪ್ಪಿಲ್ಲ ಅಂತ. ಓದ್ತೀನಿ ಕೇಳು" ಎಂದೆ. ಅಕ್ಕ ದಿಂಬಿಗೆ ಒರಗಿ ನೆಟ್ಟಗೆ ಕೂತಳು. ಜೋರಾಗಿ ಓದಿದೆ. ಮೀಟರು ಸುಸ್ಥಿತಿಯಲ್ಲಿದೆ ಎಂದಿತ್ತು. ಲೈನಿನಲ್ಲಿ ದೋಷ ಕಂಡುಬಂದಿಲ್ಲ ಎಂದಿತ್ತು. ನಾಲಿಗೆಯ ಓಟದಲ್ಲಿ ಮುಂದಿನ ವಾಕ್ಯವೂ ಬಾಯಿಂದ ಬಿದ್ದುಹೋಯಿತು. ಅಸ್ವಸ್ಥ ವ್ಯಕ್ತಿಯೇ. ಅನಗತ್ಯವಾಗಿ. ನಾನು ನಿಲ್ಲಿಸುವಷ್ಟರಲ್ಲಿ "ತಳ್ಳಿಹಾಕಲಾಗದು" ವರೆಗೆ ಬಂದುಬಿಟ್ಟಿದ್ದೆ. ಅಕ್ಕ ಎಡಗೈಯಲ್ಲಿದ್ದ ಗುಂಡಿಯನ್ನು ನಿಧಾನವಾಗಿ ಹಾಸಿಗೆಯ ಮೇಲಿಟ್ಟು, ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

ತಂಗಿ ಬೈದದ್ದನ್ನು ಅವಳು ಕ್ಷಮಿಸಿದ್ದಳು. ತಂಗಿ ಎಷ್ಟಾದರೂ ತಂಗಿ. ಆದರೆ ಅಕ್ಕ ಇಪ್ಪತ್ತೆಂಟು ವರ್ಷ ಕಚೇರಿಯಲ್ಲಿ ದುಡಿದವಳು. ಕಾಗದದ ಮೇಲೆ ಮುದ್ರೆ ಬಿದ್ದದ್ದು ನಿಜ ಎಂದು ನಂಬಿ ಬದುಕಿದವಳು. ನಿಮ್ಮ ಮುದ್ರೆ ಅವಳನ್ನು ಸುಳ್ಳುಗಾರ್ತಿ ಎಂದಿತು. ಬಾಯಿ ಇದ್ದಿದ್ದರೆ ವಾದ ಮಾಡುತ್ತಿದ್ದಳು. ಇಲ್ಲವಲ್ಲ.

ಪತ್ರ ಬಂದ ನಾಲ್ಕನೆಯ ದಿನ, ಮಧ್ಯಾಹ್ನ. ಶಾಲೆ ತೆರೆಯುವ ಕಾಲ, ಅಂಗಡಿ ತುಂಬಾ ಸಮವಸ್ತ್ರದ ರಾಶಿ. ಎರಡು ಗಂಟೆಗೆ ಅಕ್ಕನಿಗೆ ಊಟ ಮಾಡಿಸಿ ಇಳಿದಿದ್ದೆ. ಎರಡೂವರೆ ಹೊತ್ತಿಗೆ ಮೇಲೆ ಏನೋ ದೊಪ್ಪೆಂದಿತು ಎಂದು ಮೇಸ್ತ್ರಿ ಆಮೇಲೆ ನೆನಪು ಮಾಡಿಕೊಂಡರು. ಆಗ ಅವರೂ ಬೆಕ್ಕು ಅಂದುಕೊಂಡಿದ್ದರಂತೆ. ಯಂತ್ರಗಳ ಸದ್ದಿನಲ್ಲಿ ನನಗೆ ಅದೂ ಕೇಳಿಸಲಿಲ್ಲ. ಅಲ್ಲಿಂದ ಮುಂದೆ ಬೆಲ್ ನಾಲ್ಕು ಸಲ ಹೊಡೆದದ್ದು ನನಗೆ ಗೊತ್ತು. ನಾಲ್ಕೂ ಬಿಡಿ ಬಿಡಿ. ಮೂರು, ತಡೆದು ಮೂರು ಎಂಬ ನಮ್ಮ ಲೆಕ್ಕ ಒಂದು ಸಲವೂ ಬರಲಿಲ್ಲ. ಮೀಟರು ತನ್ನ ಪಾಡಿಗೆ ಹರಟುತ್ತಿದೆ ಎಂದು ನಾನು ಕಾಲರ್ ಹೊಲಿಯುತ್ತಾ ಕೂತೆ. ನಾಲ್ಕು ಗಂಟೆಗೆ ಮೇಲೆ ಹೋದಾಗ ಅಕ್ಕ ಮಂಚಕ್ಕೂ ಬೀರುವಿಗೂ ನಡುವೆ ನೆಲದ ಮೇಲೆ ಬಿದ್ದಿದ್ದಳು. ನೀರಿನ ಲೋಟಕ್ಕೆ ಕೈ ಚಾಚಲು ಹೋಗಿ ಜಾರಿದ್ದಳು. ಎಡಗೈ ಮೈಯ ಅಡಿಯಲ್ಲಿ ಸಿಕ್ಕಿಕೊಂಡಿತ್ತು. ಅವಳಿಗೆ ಉಳಿದಿದ್ದ ಒಂದೇ ಕೈ ಅದು, ಮಣಿಕಟ್ಟು ಮುರಿದಿತ್ತು.

ಗುಂಡಿ ಎಲ್ಲಿತ್ತು ಗೊತ್ತೇ, ಮಾನ್ಯರೇ? ಅದೇ ಕೈಯ ಬೆರಳುಗಳ ನಡುವೆ. ಬೀಳುವಾಗ ದಾರ ಸಮೇತ ಬಂದಿತ್ತು. ಒಂದೂವರೆ ಗಂಟೆ ಅದು ಅವಳ ಹೆಬ್ಬೆರಳಿನ ಅಡಿಯಲ್ಲೇ ಇತ್ತು.

"ಯಾಕೆ ಒತ್ತಲಿಲ್ಲ? ಯಾಕಕ್ಕಾ?" ಎಂದು ಕೂಗಿದೆ. ಅಕ್ಕ ಬೀರುವಿನ ಕಡೆ ಕಣ್ಣು ಹಾಯಿಸಿದಳು. ಬೀರುವಿನ ಮೇಲೆ ನಿಮ್ಮ ಲಕೋಟೆ ಇತ್ತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಆ ಗಾದೆಯನ್ನು ನಾನು ನೂರು ಸಲ ಆಡಿದ್ದೇನೆ, ಎಮ್ಮೆಯ ಬಗ್ಗೆ ಯೋಚಿಸಿರಲಿಲ್ಲ. ಎಮ್ಮೆಯ ಜೊತೆ ಈಗ ವಾಸ ಮಾಡುತ್ತಿದ್ದೇನೆ.

ಪ್ಲಾಸ್ಟರ್ ಹಾಕಿದ ಎರಡನೆಯ ವಾರ ಅಕ್ಕನನ್ನು ನೋಡಲು ಅವಳ ಹಳೆಯ ಜೊತೆಗಾತಿಯೊಬ್ಬರು ಬಂದರು. ಎಕ್ಸ್‌ಚೇಂಜಿನಲ್ಲಿ ಅಕ್ಕನ ಪಕ್ಕದ ಕುರ್ಚಿಯವರು. ಮೇಲೆ ಕೂತು ಮಾತಾಡುತ್ತಿರುವಾಗ ಕೆಳಗೆ ಬೆಲ್ ತನ್ನಷ್ಟಕ್ಕೆ ತಾನು ಹೊಡೆಯಿತು. ಅಕ್ಕ ಪ್ಲಾಸ್ಟರಿನಿಂದ ಹೊರಗೆ ಇಣುಕುತ್ತಿದ್ದ ಬೆರಳುಗಳನ್ನು ಕಷ್ಟಪಟ್ಟು ಹೆಣೆದಳು. ನಾನು ತಲೆ ತಗ್ಗಿಸಿದೆ. ಆ ತಾಯಿ ಮಾತ್ರ ಚಪ್ಪಾಳೆ ತಟ್ಟಿ ನಕ್ಕುಬಿಟ್ಟರು.

"ಅಯ್ಯೋ, ಇವಳು ಇನ್ನೂ ಮರೆತಿಲ್ಲ ನೋಡು! ಅದು ನಮ್ಮ ಎಕ್ಸ್‌ಚೇಂಜಿನ ಸನ್ನೆ ಕಣಮ್ಮ. ಕಿವೀಲಿ ಒಬ್ರು ಮಾತಾಡ್ತಿದ್ದಾಗ ನಾವು ಬಾಯಿ ಬಿಡೋ ಹಾಗಿರ್ಲಿಲ್ವಲ್ಲ, ಮೇಲ್ವಿಚಾರಕಿಗೆ ಕೈ ಎತ್ತಿ ಹೀಗೆ ತೋರಿಸ್ತಿದ್ವಿ. ಲೈನು ಕಲಸಿಕೊಂಡಿದೆ, ಇನ್ನೊಬ್ರ ಮಾತು ಇದ್ರಲ್ಲಿ ಬರ್ತಿದೆ, ಬೇರೆ ಮಾಡ್ರಿ ಅಂತ."

ಈಗ ಅರ್ಥವಾಯಿತೇ? ನನಗೆ ಅರ್ಥವಾಗಿ ಆ ಕೋಣೆಯಲ್ಲಿ ನಿಲ್ಲಲಾಗಲಿಲ್ಲ. ಮಾತು ಸತ್ತ, ಅರ್ಧ ಮೈ ಸತ್ತ ಹೆಂಗಸು ಮೀಟರು ಬಂದ ಮೊದಲ ವಾರವೇ ಮಲಗಿದಲ್ಲಿಂದ ರೋಗ ಯಾವುದೆಂದು ಹೇಳಿದ್ದಳು. ನಾನು ಅವಳ ಕೈಯನ್ನು ಹಾಸಿಗೆಗೆ ಒತ್ತಿ ಹಿಡಿದೆ, ನೀವು ಅವಳನ್ನೇ ರೋಗ ಎಂದು ಬರೆದಿರಿ. ನಿಮ್ಮ ಕಚೇರಿಯಲ್ಲಿ ಎಷ್ಟು ಇಂಜಿನಿಯರುಗಳಿದ್ದಾರೆ? ಅವರೆಲ್ಲರ ಬೆರಳು ಏನು ಮಾಡುತ್ತಿದ್ದವು?

ಇನ್ನು ನಿಮ್ಮ ಮೇಜಿನ ವಿಚಾರ. ಮೊನ್ನೆ ಪ್ಯಾಂಟಿನ ಕಾಲು ಗಿಡ್ಡ ಮಾಡಿಸಲು ಒಬ್ಬ ಗಿರಾಕಿ ಬಂದರು. ನೋಡಿದರೆ ನಮ್ಮ ಮೀಟರು ಕೂರಿಸಿದವರೇ. ಅಕ್ಕನ ಸುದ್ದಿ ಕೇಳಿ ಕುರ್ಚಿ ಎಳೆದುಕೊಂಡು ಕೂತರು. ಅವರು ಯಾರೆಂದು ಕೇಳಬೇಡಿ, ಸತ್ತರೂ ಹೇಳುವುದಿಲ್ಲ.

"ಅಮ್ಮಾ, ಮೀಟರಿಗೂ ಮನೆ ವೈರಿಂಗಿಗೂ ನಡುವೆ ಒಂದು ಪೆಟ್ಟಿಗೆ ಕೂರಿಸ್ಬೇಕು. ನಕ್ಷೇಲಿ ಇದೆ. ಕರೆಂಟ್ ಬಿಡುತ್ತೆ, ಮೀಟರಿನ ಸಿಗ್ನಲ್ ಒಳಗೆ ಬಿಡಲ್ಲ. ಒಳಗಿನದನ್ನೂ ಹೊರಗೆ ಬಿಡಲ್ಲ. ಆದ್ರೆ ದಿನಕ್ಕೆ ನಲವತ್ತು ಮೀಟರ್ ಮುಗಿಸಿ ಅಂದ್ರು. ಪೆಟ್ಟಿಗೆ ಕೂರಿಸ್ತಾ ಹೋದ್ರೆ ಇಪ್ಪತ್ತೂ ಆಗಲ್ಲ. ಕೇಳಿದ್ದಕ್ಕೆ, ದೂರು ಬಂದ ಮನೆಗೆ ಆಮೇಲೆ ಹಾಕೋಣ ಅಂದ್ರು. ಪೆಟ್ಟಿಗೆಗಳೆಲ್ಲ ಗೋದಾಮಲ್ಲಿ ಕಟ್ಟು ಬಿಚ್ಚದೆ ಬಿದ್ದಿವೆ."

"ಹೇಗಿರುತ್ತೆ ಅದು?" ಎಂದೆ.

"ಬೂದು ಬಣ್ಣ. ಅಂಗೈ ಅಗಲ. ಎರಡು ಕಡೆ ಎರಡೆರಡು ತಿರುಪು. ತೂಕ ಇರುತ್ತೆ."

ಅದನ್ನು ನಾನು ನೋಡಿದ್ದೆ, ಮಾನ್ಯರೇ. ನಿಮ್ಮ ಕಚೇರಿಗೆ ಬಂದ ದಿನ ನಿಮ್ಮ ತಲೆಯ ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು. ದೂರಿನ ಕಾಗದಗಳು ಹಾರಬಾರದೆಂದು ಅವುಗಳ ಮೇಲೆ ನೀವು ಒಂದು ಬೂದು ಪೆಟ್ಟಿಗೆ ಹೇರಿದ್ದಿರಿ. ಅಂಗೈ ಅಗಲ. ಎರಡು ಕಡೆ ಎರಡೆರಡು ತಿರುಪು. ಅದರ ಅಡಿಯಲ್ಲಿ ನನ್ನ ಕೈಬರಹದ ಪತ್ರದ ಅಂಚು ಇಣುಕುತ್ತಿತ್ತು. ಮೂರನೆಯ ಪತ್ರವನ್ನು ನೀವು ನನ್ನ ಎದುರೇ ಪೆಟ್ಟಿಗೆ ಎತ್ತಿ ಅದರಡಿ ತೂರಿಸಿ ಮತ್ತೆ ಇಟ್ಟಿರಿ. "ನಾಳೆ ನೋಡೋಣಮ್ಮ" ಎಂದಿರಿ. ಮದ್ದನ್ನು ಕೈಯಲ್ಲಿ ಎತ್ತಿ ಹಿಡಿದು, ರೋಗಿಯ ಚೀಟಿಯ ಮೇಲೆ ಭಾರಕ್ಕೆ ಇಟ್ಟಿರಿ. ನಿಮಗೆ ಗೊತ್ತಿರಲಿಲ್ಲ ಎನ್ನುತ್ತೀರಾ? ಗೊತ್ತಿಲ್ಲದಿದ್ದರೆ ಆ ಕುರ್ಚಿಯಲ್ಲಿ ಯಾಕೆ ಕೂತಿದ್ದೀರಿ? ಗೊತ್ತಿದ್ದರೆ ಆ ವಾಕ್ಯವನ್ನು ಯಾವ ಕೈಯಲ್ಲಿ ಬರೆದಿರಿ?

ನಾನು ಕೋಟು ಹೊಲಿಯುತ್ತೇನೆ. ಕೋಟಿಗೆ ಅಸ್ತರು ಹಾಕುತ್ತೇನೆ. ಅಸ್ತರು ಹೊರಗಿನವರಿಗೆ ಕಾಣುವುದಿಲ್ಲ, ಅದಿಲ್ಲದೆ ಹೊಲಿದರೆ ನನ್ನ ಕೆಲಸವೂ ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ. ಹಾಗೆ ಹೊಲಿದು ಕೊಟ್ಟು, ಮೈ ಕಡಿಯುತ್ತದೆ ಎಂದು ಬಂದ ಗಿರಾಕಿಗೆ "ನಿಮ್ಮ ಚರ್ಮವೇ ಸರಿಯಿಲ್ಲದಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು" ಎಂದು ಬರೆದುಕೊಟ್ಟರೆ ನನ್ನ ಅಂಗಡಿ ಎಷ್ಟು ದಿನ ನಡೆದೀತು? ನಿಮ್ಮದು ಮಾತ್ರ ನಡೆಯುತ್ತಿದೆ. ತಂತಿ ಒಂದೇ ಇರಲಿ, ಯಾರೂ ಬೇಡ ಎನ್ನಲಿಲ್ಲ. ಅದೇ ತಂತಿಯಲ್ಲಿ ನಿಮ್ಮ ಲೆಕ್ಕವೂ ಓಡಲಿ, ನನ್ನ ಅಕ್ಕನ ಕೂಗೂ ಓಡಲಿ. ಎರಡನ್ನೂ ಬೇರೆ ಬೇರೆ ಇಡುವ ಕೆಲಸ ಯಾರದು? ಕೊನೆಗೆ ಬಂದು ಸೇರಿದವರದಲ್ಲವೇ? ಎದುರು ಮನೆಯಲ್ಲಿ ಎಳೆಗೂಸಿನ ಅಳು ಕೇಳಿಸುವ ಪೆಟ್ಟಿಗೆಯೊಂದಿದೆ. ಅದೂ ಮೀಟರು ಬಂದಾಗಿನಿಂದ ಗೊರಗುಟ್ಟುತ್ತಿದೆಯಂತೆ. ಅದಕ್ಕೇನು ಬರೆಯುತ್ತೀರಿ, ಕೂಸೇ ಅನಗತ್ಯವಾಗಿ ಗೊರಕೆ ಹೊಡೆದಿರುವ ಸಾಧ್ಯತೆ ಎಂದೇ?

ಬೇರೆ ಬೆಲ್ ಕೊಳ್ಳಿ, ಎಲ್ಲ ಸರಿಹೋಗುತ್ತದೆ ಎಂದು ನಿಮ್ಮ ಗುಮಾಸ್ತರು ಫೋನಿನಲ್ಲಿ ಬುದ್ಧಿ ಹೇಳಿದರು. ಕೊಂಡೆ. ತಂತಿಯ ಗೊಡವೆಯೇ ಇಲ್ಲದ, ಬ್ಯಾಟರಿಯ ಬೆಲ್. ಅಕ್ಕ ಮುಟ್ಟಿಯೂ ನೋಡಲಿಲ್ಲ. ಪ್ಲಾಸ್ಟರಿನಿಂದಲೇ ಬೆರಳ ತುದಿಯಲ್ಲಿ ಒತ್ತಬಹುದಾದಷ್ಟು ಮೆತ್ತಗಿನ ಗುಂಡಿ ಅದು. ಹತ್ತಿರ ಇಟ್ಟರೆ ಕೈ ಹಿಂದಕ್ಕೆಳೆದುಕೊಳ್ಳುತ್ತಾಳೆ. ಕೆಟ್ಟದ್ದು ಬೆಲ್ ಆಗಿದ್ದರೆ ಹೊಸದು ಸಾಕಾಗುತ್ತಿತ್ತು. ಅವಳು ಕರೆದರೆ ಸುಳ್ಳು ಎಂದು ಕಾಗದದಲ್ಲಿ ದಾಖಲಾಗಿದೆ, ಹೊಸ ಬೆಲ್ಲಿನಿಂದ ಅದು ಅಳಿಸಿಹೋಗುವುದಿಲ್ಲ. ನಾನು ಅರ್ಧ ಗಂಟೆಗೊಮ್ಮೆ ಮೆಟ್ಟಿಲು ಹತ್ತುತ್ತೇನೆ. ಬಾಯಾರಿದ್ದರೂ ಹೇಳಲೊಲ್ಲದೆ ತುಟಿ ಒಣಗಿಸಿಕೊಂಡು ಮಲಗಿರುತ್ತಾಳೆ.

ಆದ್ದರಿಂದ ನನ್ನ ಬೇಡಿಕೆ ಕೇಳಿ. ಪರಿಹಾರ ಬೇಡ. ವಿಷಾದ ಸೂಚಿಸುವ ಮುದ್ರಿತ ಪತ್ರ ಬೇಡ. ಬರುವ ತಿಂಗಳ ಮೊದಲ ಸೋಮವಾರ ಅಕ್ಕನ ಪ್ಲಾಸ್ಟರ್ ಬಿಚ್ಚುತ್ತಾರೆ. ಅಷ್ಟರೊಳಗೆ ಗೋದಾಮಿನ ಕಟ್ಟುಗಳನ್ನು ಬಿಚ್ಚಿ ಈ ಬೀದಿಯ ಪ್ರತಿ ಮೀಟರಿಗೂ ಆ ಪೆಟ್ಟಿಗೆ ಕೂರಿಸಿ. ನಮ್ಮ ಮನೆಗೆ ಗೋದಾಮಿನದು ಬೇಡ, ನಿಮ್ಮ ಮೇಜಿನ ಮೇಲಿರುವುದೇ ಬೇಕು. ಕಾಗದ ಹಾರಿದರೆ ಹಾರಲಿ, ಕಿಟಕಿಯಿಂದ ಆಚೆ ಬಿದ್ದರೆ ಯಾರಾದರೂ ಎತ್ತಿಕೊಂಡು ಓದಿಯಾರು. ಅದನ್ನು ನೀವೇ ತರಬೇಕು. ಹದಿಮೂರು ಮೆಟ್ಟಿಲು ಹತ್ತಿ, ಬಾಗಿಲಲ್ಲಿ ನಿಲ್ಲದೆ ಮಂಚದ ಹತ್ತಿರ ಬಂದು, ಆ ವಾಕ್ಯವನ್ನು ಅಕ್ಕನ ಎದುರು ಹೊಡೆದುಹಾಕಿ, ಅದೇ ಮುದ್ರೆ ಒತ್ತಿ, ಬಾಯಿಬಿಟ್ಟು ಹೇಳಬೇಕು: "ಒತ್ತಿದ್ದು ನೀವಲ್ಲ. ಲೈನು ಕಲಸಿತ್ತು. ನೀವು ಹೇಳಿದ್ದೇ ಸರಿ." ನನ್ನ ಬಾಯಿಂದ ಇದನ್ನು ದಿನವೂ ಹೇಳುತ್ತಿದ್ದೇನೆ, ಪ್ರಯೋಜನವಿಲ್ಲ. ನನಗೆ ಮುದ್ರೆಯಿಲ್ಲ.

ಮೊನ್ನೆ ಒಬ್ಬ ಗಿರಾಕಿಗೆ "ನಾಳೆ ಖಂಡಿತ ಕೊಡ್ತೀನಿ" ಎಂದೆ. ಅವರು ಅಭ್ಯಾಸಬಲದಿಂದ ಬೆಲ್ಲಿನ ಕಡೆ ನೋಡಿದರು. ನಾನೂ ನೋಡಿದೆ, ಮೇಸ್ತ್ರಿಯೂ ನೋಡಿದರು. ಬೆಲ್ ಹೊಡೆಯಲಿಲ್ಲ. ಗಿರಾಕಿ ನನ್ನನ್ನು ನಂಬಿ ಹೊರಟುಹೋದರು. ಅವರ ಬಟ್ಟೆಯನ್ನು ನಾನಿನ್ನೂ ಕತ್ತರಿಸಿಯೇ ಇಲ್ಲ.

ನೀವು ಬಂದು ಹೇಳುವ ಮಾತು ಮನಸ್ಸಿನದೋ ಬಾಯಿತುದಿಯದೋ ಎಂದು ತೀರ್ಮಾನಿಸುವವಳು ಅಕ್ಕ. ನೀವು ಮೆಟ್ಟಿಲಿಳಿಯುವಾಗ ಮೇಲಿನಿಂದ ಉದ್ದಕ್ಕೆ ಬೆಲ್ ಬಂದರೆ ದಯವಿಟ್ಟು ಬೇಸರಪಟ್ಟುಕೊಳ್ಳಬೇಡಿ. ನಾನು ಕೆಳಗೆ ಆ ಸದ್ದಿಗಾಗಿಯೇ ಕಾಯುತ್ತಿರುತ್ತೇನೆ.

ಇಂತಿ,
ನಿಮ್ಮ ವಿಶ್ವಾಸಿ ಅಲ್ಲದ,
ಹತ್ತೊಂಬತ್ತು ದಿನ ಮೀಟರಿನ ಮಾತು ಕೇಳಿ ಅಕ್ಕನನ್ನು ಬೈದ
ತಂಗಿ